ಒಂಬತ್ತು ಜೇಬಿನ ನಿಲುವಂಗಿ

ಎಲ್ಲವನ್ನೂ ಬಿಟ್ಟು ದೇವರ ಕೆಲಸಕ್ಕೆ ಹೊರಟ ನನ್ನ ತಮ್ಮ ತನಗಾಗಿ ಹೊಲಿದುಕೊಂಡ ನಿಲುವಂಗಿಗೆ ಒಂಬತ್ತು ಜೇಬುಗಳಿದ್ದವು.

ಅಮ್ಮ ಅದನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ, ಒಂದೊಂದರೊಳಗೂ ಕೈ ತೂರಿಸಿ ಎಣಿಸಿದಳು.

"ಏನೋ ಇದು? ಪಾದ್ರಿಯ ಅಂಗಿಯೋ, ಅಂಚೆ ಕಚೇರಿಯ ಬೀರುವೋ?"

"ಕರವಸ್ತ್ರಕ್ಕೊಂದು, ಜಪಸರಕ್ಕೊಂದು, ಪ್ರಾರ್ಥನೆ ಪುಸ್ತಕಕ್ಕೊಂದು, ಕನ್ನಡಕಕ್ಕೊಂದು..."

"ನಿನಗೆ ಕನ್ನಡಕವೇ ಇಲ್ಲವಲ್ಲೋ."

"ಮುಂದೆ ಬರಬಹುದಲ್ಲಮ್ಮ."

"ಇದು?" ಎದೆಯ ಒಳಬದಿಯಲ್ಲಿ ಎರಡು ಬೆರಳಗಲದ ಒಂದು ಜೇಬಿತ್ತು.

"ಅದು ಟೇಪಿಗೆ."

"ಅಲ್ಲಿ ಯಾರನ್ನು ಅಳೀತೀಯೋ?"

"ಯಾರನ್ನೂ ಇಲ್ಲ. ಅಭ್ಯಾಸ."

ಅಮ್ಮ ನನ್ನ ಕಡೆ ನೋಡಿದಳು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಆ ದಿನಗಳಲ್ಲಿ ನಾನು ಹೆಚ್ಚಾಗಿ ಮೆಟ್ಟಿಲ ಮೇಲೆಯೇ ಕೂತಿರುತ್ತಿದ್ದೆ. ಮೇಲೆ ಮನೆ, ಕೆಳಗೆ ಹೊಲಿಗೆ ಅಂಗಡಿ. ಎರಡು ಕಡೆಯೂ ನನಗೆ ಕೆಲಸವಿರಲಿಲ್ಲ.

ಅಂಗಡಿ ಅಪ್ಪನದು. ಅಪ್ಪ ಹೋಗಿ ಹತ್ತು ವರ್ಷವಾಗಿದ್ದರೂ ಅಲ್ಲಿ ನಡೆಯುತ್ತಿದ್ದದ್ದು ಅಪ್ಪನ ನಿಯಮಗಳೇ. ಒಬ್ಬರು ಅಳತೆ ತೆಗೆಯಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಸೊಂಟದ ಅಳತೆಯನ್ನು ಮಾತ್ರ ಹತ್ತು ಇಂಚು ಕಡಿಮೆ ಮಾಡಿ ಕೂಗಬೇಕು. ಬರೆಯುವವರು ಹತ್ತು ಸೇರಿಸಿ ಬರೆಯಬೇಕು. ಹೊಟ್ಟೆ ಇರುವವರು ನಾಲ್ಕು ಜನರೆದುರು ತಮ್ಮ ಸುತ್ತಳತೆ ಕೇಳಿ ಕುಗ್ಗಬಾರದು ಎಂಬುದು ಅಪ್ಪನ ಕಾಳಜಿ. ನಲವತ್ತನಾಲ್ಕರ ಸೊಂಟದವರು ಮೂವತ್ತನಾಲ್ಕು ಎಂದು ಕೇಳಿಸಿಕೊಂಡು, ಕನ್ನಡಿಯಲ್ಲಿ ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿಕೊಂಡು, ಖುಷಿಯಾಗಿ ಹೋಗುತ್ತಿದ್ದರು. ಎಂಟು ವರ್ಷದವಳಿದ್ದಾಗಿನಿಂದ ನಾನು ಹೀಗೆ ಹತ್ತು ಸೇರಿಸಿ ಬರೆದವಳು. ಆಮೇಲೆ ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಓದಿದೆ. ಅಲ್ಲಿ ಯಾವ ಸಂಖ್ಯೆಗೂ ಮರ್ಯಾದೆಗಾಗಿ ಹತ್ತು ಕಳೆಯುವ ಪದ್ಧತಿ ಇರಲಿಲ್ಲ. ಹೊಂದಿಕೊಳ್ಳಲು ಸ್ವಲ್ಪ ದಿನ ಹಿಡಿಯಿತು.

ಅಳತೆ ಪುಸ್ತಕದ ಕೊನೆಯ ಕಾಲಮ್ಮಿನಲ್ಲಿ ಆಸಾಮಿ ನಿಲ್ಲುವ ರೀತಿ ಬರೆಯುತ್ತಿದ್ದೆವು. ಬೆನ್ನು ಬಾಗಿದವರು 'ಓದುಗಾರ'. ಹೊಟ್ಟೆ ಮುಂದೆ, ತಲೆ ಹಿಂದೆ ಇದ್ದರೆ 'ಯಜಮಾನ'. ಒಂದು ಭುಜ ಇಳಿದಿದ್ದರೆ 'ಚೀಲ'. ನನ್ನ ಗಂಡ 'ಚೀಲ, ಎಡ'. ಶಾಲೆಯ ಮೇಷ್ಟ್ರು, ಮಕ್ಕಳ ನೋಟ್‌ಬುಕ್ಕುಗಳನ್ನು ಹೊತ್ತು ಹೊತ್ತು ಎಡ ಭುಜ ಅರ್ಧ ಇಂಚು ಇಳಿದಿತ್ತು. ಅವರ ಅಳತೆ ಬರೆದವಳು ನಾನೇ. ಮದುವೆಗೆ ಮುಂಚೆ ಗಂಡನ ಬಗ್ಗೆ ನನಗೆ ತಿಳಿದಿದ್ದದ್ದು ಅಷ್ಟೇ, ಹನ್ನೊಂದು ಸಂಖ್ಯೆ ಮತ್ತು ಎರಡು ಪದ.

ಗೋಡೆಯ ಉದ್ದಕ್ಕೂ ಒಂದು ಕಬ್ಬಿಣದ ಸರಳಿತ್ತು. ಹೊಲಿದು ಮುಗಿದು, ಒಯ್ಯಲು ಯಾರೂ ಬಾರದ ಬಟ್ಟೆಗಳು ಅಲ್ಲಿ ನೇತಾಡುತ್ತಿದ್ದವು. ಯಾರ ಅಳತೆಗೆ ಹೊಲಿದದ್ದೋ ಅವರಿಗೇ ಕೊಡಬೇಕು, ಬೇರೆಯವರಿಗೆ ಕೊಡಬಾರದು ಎಂಬುದು ಅಪ್ಪನ ಇನ್ನೊಂದು ನಿಯಮ. ಊರು ಬಿಟ್ಟುಹೋದವರ ಪ್ಯಾಂಟು, ಮದುವೆ ಬೇಡವೆಂದು ಮನಸ್ಸು ಬದಲಾಯಿಸಿದವರೊಬ್ಬರ ಸೂಟು, ಕೆಲಸ ಬಿಟ್ಟ ಬ್ಯಾಂಡಿನವನ ಕೆಂಪು ಅಂಗಿ. ಕೊನೆಯಲ್ಲಿ, ಗೋಡೆಗೆ ಒತ್ತಿಕೊಂಡು, ನನ್ನ ಗಂಡನ ಕಪ್ಪು ಕೋಟು. ಅದು ಮುಗಿದೂ ಇರಲಿಲ್ಲ. ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಇತ್ತು, ಗುಂಡಿ ಇರಲಿಲ್ಲ. ಮಂಗಳವಾರ ಟ್ರಯಲ್‌ಗೆ ಬರುತ್ತೇನೆ ಎಂದಿದ್ದರು. ಭಾನುವಾರ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗಲೇ ಒಂದೂವರೆ ವರ್ಷ.

ತಮ್ಮನಿಗೆ ಚರ್ಚಿನ ಗುರುವಾಗಬೇಕೆಂಬ ಆಸೆ ಹೊಸದಲ್ಲ. ಹತ್ತು ವರ್ಷದವನಿದ್ದಾಗ ದಾರ ಸುತ್ತುವ ಬಾಬಿನ್‌ಗಳನ್ನು ಸಾಲಾಗಿ ನಿಲ್ಲಿಸಿ ಅವಕ್ಕೆ ಪಾದ್ರಿಯ ಹಾಗೆ ಪ್ರಸಂಗ ಮಾಡುತ್ತಿದ್ದ. ಅಪ್ಪ ತೀರಿದ ಮೇಲೆ ಅಂಗಡಿ ಹಿಡಿದ. ಆಸೆ ಹಿಂದೆ ಸರಿಯಿತು. ಈಗ ಪಾದ್ರಿಗಳನ್ನು ತಯಾರುಮಾಡುವ ಗುರುಮಠದವರು ಒಪ್ಪಿದ್ದರು. ಬರುವಾಗ ತರಬೇಕಾದ ವಸ್ತುಗಳ ಪಟ್ಟಿ ಕಳಿಸಿದ್ದರು. ಎರಡು ಜೊತೆ ಒಳಉಡುಪು, ಎರಡು ಟವೆಲು, ಒಂದು ಜೊತೆ ಬೂಟು, ಒಂದು ಕಪ್ಪು ನಿಲುವಂಗಿ. ಪಟ್ಟಿಯ ಕೆಳಗೆ ಒಂದು ಸಾಲು: ಇದಕ್ಕಿಂತ ಹೆಚ್ಚಿನದೇನೂ ಬೇಡ.

ತಮ್ಮ ಆ ಸಾಲನ್ನು ಕಣ್ಣಿಗೊತ್ತಿಕೊಂಡು, ಮಾರನೆಯ ದಿನದಿಂದಲೇ ತನ್ನದೆನ್ನುವುದನ್ನೆಲ್ಲ ಹಂಚಲು ಶುರು ಮಾಡಿದ. ಸೈಕಲ್ಲು ಅಂಚೆಯವನಿಗೆ. ರೇಡಿಯೊ ಎದುರುಮನೆ ಅಜ್ಜಿಗೆ. ಏಳು ಹೂಕುಂಡಗಳು ಚರ್ಚಿನ ಅಂಗಳಕ್ಕೆ. ಕೊಟ್ಟದ್ದೇನೋ ಕೊಟ್ಟ. ಹೊರಡುವುದಕ್ಕೆ ನಾಲ್ಕು ದಿನವಿದ್ದಾಗಲೂ ಬೆಳಗ್ಗೆ ಎಣ್ಣೆ ಡಬ್ಬಿ ಹಿಡಿದು ಅಂಚೆಯವನ ಮನೆ ಬಾಗಿಲಲ್ಲಿ ನಿಂತಿದ್ದ.

"ಚೈನು ಒಣಗಿರತ್ತೆ, ಎಣ್ಣೆ ಹಾಕ್ತೀನಿ."

"ನೀವು ಸನ್ಯಾಸಿ ಆಗ್ತಿದ್ದೀರಿ ಅಂದ್ರು?"

"ಸೋಮವಾರದಿಂದ. ಇವತ್ತು ಬರೀ ಗುರುವಾರ."

ಅಜ್ಜಿಯ ಮನೆಗೆ ದಿನಾ ಸಂಜೆ ರೇಡಿಯೊ ಸ್ಟೇಷನ್ ಸರಿಮಾಡಲು ಹೋಗುತ್ತಿದ್ದ. ಅವಳಿಗೆ ಬೇಕಾದ ಸ್ಟೇಷನ್ ಬೇರೆ. ಇವನು ಹೋದ ಮೇಲೆ ಅವಳು ಮತ್ತೆ ತಿರುಗಿಸಿಕೊಳ್ಳುತ್ತಿದ್ದಳು. ಹೂಕುಂಡಗಳಿಗೆ ಬೆಳಗ್ಗೆ ಚರ್ಚಿನ ಮಾಲಿ ನೀರು ಹಾಕುತ್ತಿದ್ದ, ಮಧ್ಯಾಹ್ನ ಇವನು ಹಾಕುತ್ತಿದ್ದ. ಎರಡು ಗಿಡ ಕೊಳೆತುಹೋದವು.

ನಮ್ಮ ಚರ್ಚಿನ ಫಾದರ್ ಅವನನ್ನು ಕರೆದು ಬೈದರಂತೆ. "ಬಿಟ್ಟದ್ದು ಹೇಗಿದೆ ಅಂತ ದಿನಾ ನೋಡೋಕೆ ಹೋದ್ರೆ ಅದು ತ್ಯಾಗ ಅಲ್ಲ ಕಣಪ್ಪಾ, ತಪಾಸಣೆ."

ಅದನ್ನು ತಮ್ಮ ಊಟದ ಹೊತ್ತಿನಲ್ಲಿ ತಾನೇ ಹೇಳಿ ತಾನೇ ನಕ್ಕ. ಅಮ್ಮ ನಗಲಿಲ್ಲ. ಅವಳ ಭರವಸೆಯೆಲ್ಲ ಆಗ ಒಂದು ಗುಂಡಿಯ ಮೇಲೆ ನಿಂತಿತ್ತು.

ನಿಲುವಂಗಿಗೆ ಮೂವತ್ತಮೂರು ಗುಂಡಿ. ಯೇಸುಸ್ವಾಮಿ ಭೂಮಿಯ ಮೇಲಿದ್ದದ್ದು ಮೂವತ್ತಮೂರು ವರ್ಷವೆಂದು ಅಷ್ಟು. ನಮ್ಮ ಬೀದಿಯ ತುದಿಯಲ್ಲಿ ಗುಂಡಿ, ದಾರ, ಲೇಸು ಮಾರುವ ಪುಟ್ಟ ಅಂಗಡಿಯಿದೆ. ಅದನ್ನು ನಡೆಸುವ ಹುಡುಗಿಯನ್ನು ಬೀದಿಯವರೆಲ್ಲ ಗುಂಡಿಯವಳು ಎಂದೇ ಕರೆಯುವುದು. ಅವಳ ಎದುರಿಗೂ ಕರೆಯುತ್ತಾರೆ, ಅವಳು ಓಗೊಡುತ್ತಾಳೆ. ತಮ್ಮ ಆರು ವರ್ಷದಿಂದ ಅಲ್ಲಿಯೇ ಗುಂಡಿ ಕೊಳ್ಳುತ್ತಿದ್ದ. ಪೆಟ್ಟಿಗೆಗಟ್ಟಲೆ ಒಟ್ಟಿಗೆ ತರಬಹುದಿತ್ತು. ಅವನು ಪ್ರತಿ ಸಲವೂ ಒಂದು ಡಜನ್ ತರುತ್ತಿದ್ದ. ಅದಕ್ಕೆ ಅಮ್ಮ ತನಗೆ ಬೇಕಾದ ಅರ್ಥ ಕಟ್ಟಿಕೊಂಡಿದ್ದಳು. ಬಹುಶಃ ಗುಂಡಿಯವಳೂ.

ಮೂವತ್ತಮೂರು ಕಪ್ಪು ಗುಂಡಿ ಕೇಳಿದಾಗ ಅವಳು ಯಾಕೆ ಎಂದು ಕೇಳಲಿಲ್ಲವಂತೆ. ಕಾಗದದ ಮೇಲೆ ಒಂದೊಂದಾಗಿ ಎಣಿಸಿಟ್ಟು, ಮೂವತ್ತೆರಡಕ್ಕೆ ನಿಲ್ಲಿಸಿದಳು.

"ಇನ್ನೊಂದು?" ಎಂದ ತಮ್ಮ.

"ಸ್ಟಾಕ್ ಇಲ್ಲ ಮಾಸ್ಟ್ರೇ. ಮುಂದಿನ ವಾರ ಬನ್ನಿ."

ಮುಂದಿನ ವಾರ ಹೋದ. ಮುಂದಿನ ವಾರ ಎಂದಳು. ಅದರ ಮುಂದಿನ ವಾರವೂ ಹೋದ. ಹಾಗೆ ಮೂರು ವಾರ ಕಳೆಯಿತು. ಆ ಗುಂಡಿ ಬಾರದಿರಲೆಂದು ಅಮ್ಮ ಚರ್ಚಿನಲ್ಲಿ ಮೊಂಬತ್ತಿ ಹಚ್ಚಿದಳು ಎಂಬುದು ನನ್ನ ಅನುಮಾನ. ಅದೇ ಪೀಠದ ಮುಂದೆ ತಮ್ಮ ಅದು ಬರಲೆಂದು ಹಚ್ಚಿದ್ದ. ಫಾದರ್‌ಗೆ ಮೊಂಬತ್ತಿ ವ್ಯಾಪಾರ ಚೆನ್ನಾಗಿ ಆಯಿತು.

ಜೇಬು ಎಣಿಸಿದ್ದೂ ಆ ಗುರುವಾರವೇ. ಅಮ್ಮ ಇನ್ನೂ ಬೈಯುತ್ತಿದ್ದಾಗ ಫಾದರ್ ಬಂದರು. ದಪ್ಪನೆಯ ಮನುಷ್ಯ, ಬಾಗಿಲಲ್ಲಿ ಬಂದರೆ ಅಂಗಡಿಯ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ನಮ್ಮ ಪುಸ್ತಕದಲ್ಲಿ ಅವರು 'ಯಜಮಾನ'.

"ಎಲ್ಲಿ, ಹಾಕಿಕೊಂಡು ತೋರಿಸಪ್ಪಾ ಮಾಸ್ಟರ್," ಎಂದರು.

ತಮ್ಮ ಪರದೆಯ ಹಿಂದೆ ಹೋಗಿ ನಿಲುವಂಗಿ ಹಾಕಿಕೊಂಡು ಬಂದ. ಬಂದು ನಮಗೆ ಬೆನ್ನು ಮಾಡಿ ನಿಂತ. ಹಿಂಭಾಗ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದು ಸುಕ್ಕಿಲ್ಲದೆ ಇಳಿದಿತ್ತು.

"ಆಹಾ!" ಎಂದರು ಫಾದರ್. "ಈಗ ತಿರುಗು."

ಅವನು ತಿರುಗಲಿಲ್ಲ.

"ತಿರುಗೋ," ಎಂದಳು ಅಮ್ಮ.

ತಿರುಗಿದ. ಮುಂಭಾಗ ಕಣಕಾಲಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತುಬಿಟ್ಟಿತ್ತು. ಕೆಳಗೆ ಅವನ ಬೂದು ಬಣ್ಣದ ಕಾಲುಚೀಲಗಳು ಎದ್ದು ಕಾಣುತ್ತಿದ್ದವು.

ಫಾದರ್ ಗದ್ದ ಉಜ್ಜಿಕೊಂಡರು. "ಹಿಂದಿನಿಂದ ನೋಡಿದ್ರೆ ಗುರು. ಮುಂದಿನಿಂದ ನೋಡಿದ್ರೆ ಕೆಸರು ದಾಟೋನು."

"ಅಳತೆ ಯಾರು ತೆಗೆದದ್ದು?" ಅಮ್ಮನ ದನಿ ಬದಲಾಗಿತ್ತು.

ತಮ್ಮ ಕಾಲುಚೀಲ ನೋಡಿಕೊಂಡ. "ನಾನೇ."

ಹೊಲಿಯುವವನು ತನ್ನ ಅಳತೆಯನ್ನು ತಾನು ತೆಗೆದುಕೊಳ್ಳಬಾರದು ಎಂದು ಅಪ್ಪ ಹೇಳುತ್ತಿದ್ದ. ಕಾರಣ ಹೇಳುತ್ತಿರಲಿಲ್ಲ. ಕುತ್ತಿಗೆಯಿಂದ ಪಾದದವರೆಗೆ ಟೇಪು ಬಿಟ್ಟು ಕೊನೆಯ ಸಂಖ್ಯೆ ಓದಬೇಕಾದರೆ ಬಾಗಬೇಕು. ಬಾಗಿದರೆ ಮುಂಭಾಗ ಗಿಡ್ಡವಾಗುತ್ತದೆ. ಅಪ್ಪ ಹೇಳದೆ ಬಿಟ್ಟ ಕಾರಣ ಆವತ್ತು ನಮ್ಮೆದುರು ನಿಂತಿತ್ತು, ಕಾಲುಚೀಲ ತೋರಿಸಿಕೊಂಡು.

"ಅಕ್ಕ ಮನೇಲಿರಲಿಲ್ವಾ?" ಎಂದರು ಫಾದರ್.

"ಇದ್ಲು. ಅವಳಿಗ್ಯಾಕೆ ತೊಂದರೆ ಅಂತ..."

"ಸರಿ, ಮಡಿಕೆ ಬಿಚ್ಚಿ ಉದ್ದ ಮಾಡು."

"ಮಡಿಕೇಲಿ ಬಟ್ಟೆ ಬಿಟ್ಟಿಲ್ಲ."

"ಉಳಿದ ಬಟ್ಟೆ?"

ಅಮ್ಮ ಜೇಬುಗಳ ಕಡೆ ಕೈ ತೋರಿಸಿದಳು. ದೇವರ ಮನೆಗೆ ಹೋಗುವ ಅಂಗಿಯ ಒಳಜೇಬಿಗೆ ಒರಟು ಅಸ್ತರಿ ಬಟ್ಟೆ ಹಾಕಲು ಮನಸ್ಸು ಬಾರದೆ, ಉಳಿದ ಒಳ್ಳೆಯ ಬಟ್ಟೆಯನ್ನೆಲ್ಲ ಒಂಬತ್ತು ಜೇಬಿಗೆ ಸುರಿದಿದ್ದ. ಈಗ ಬಿಚ್ಚಿದರೂ ಸಿಗುವುದು ಅಂಗೈಯಗಲದ ತುಂಡುಗಳು. ಆ ಬಟ್ಟೆಯ ಥಾನು ತಂದ ಅಂಗಡಿ ಹೋದ ವರ್ಷವೇ ಮುಚ್ಚಿತ್ತು.

"ಹೀಗೇ ಹಾಕಿಕೊಂಡು ಹೋಗು," ಎಂದರು ಫಾದರ್. "ದೇವರು ಕಾಲುಚೀಲ ನೋಡಲ್ಲ."

"ಹೊಲಿಗೆಯವನು ಮೋಟು ಅಂಗಿ ಹಾಕಿಕೊಂಡು ಹೋದ್ರೆ ಅಪ್ಪನ ಹೆಸರು ಏನಾಗತ್ತೆ ಫಾದರ್? ಗುಂಡಿ ಬೇರೆ ಒಂದು ಕಡಿಮೆ ಇದೆ. ಸೋಮವಾರಕ್ಕೆ ಆಗಲ್ಲ. ಒಂದು ವರ್ಷ ಬಿಟ್ಟು ನೋಡೋಣ ಅಂತ..."

"ಹೋದ ವರ್ಷವೂ ಇದನ್ನೇ ಹೇಳಿದೆ. ಆಗ ಬೂಟು ಕಚ್ಚುತ್ತೆ ಅಂದಿದ್ದೆ." ಫಾದರ್ ಸ್ಟೂಲಿನ ಮೇಲೆ ಕೂತರು. ಸ್ಟೂಲು ನರಳಿತು. "ಮುಂದಿನ ವರ್ಷ ನಿನಗೆ ಮೂವತ್ತೊಂದು. ಮೂವತ್ತು ದಾಟಿದವರನ್ನ ಅವರು ಸೇರಿಸಿಕೊಳ್ಳಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಸೋಮವಾರ ಹತ್ತು ಗಂಟೆಗೆ ಅಲ್ಲಿ ಇಲ್ಲದೇ ಇದ್ರೆ ಈ ಮಾತು ಇಲ್ಲಿಗೆ ಮುಗೀತು."

ತಮ್ಮ ತಲೆ ತಗ್ಗಿಸಿದ. ಅವನ ಮುಖ ಬಾಬಿನ್‌ಗಳಿಗೆ ಪ್ರಸಂಗ ಮಾಡುತ್ತಿದ್ದ ಹತ್ತು ವರ್ಷದವನದೇ. ನನಗೆ ಅದು ಕಂಡಿತು. ಕಂಡದ್ದು ಏನನ್ನೂ ಕಲಕಲಿಲ್ಲ. ಆದರೆ ಕಂಡಿತು.

ಫಾದರ್ ಜೇಬಿನಿಂದ ಒಂದು ಪತ್ರ ತೆಗೆದರು. ಅವರ ನಿಲುವಂಗಿಗೆ ಇದ್ದದ್ದು ಎರಡೇ ಜೇಬು.

"ಮಗಳೇ," ಎಂದರು ನನ್ನ ಕಡೆ ತಿರುಗಿ. "ಗುರುಮಠದ ಮುಖ್ಯಸ್ಥರು ನನಗೆ ಬರೆದಿದ್ದಾರೆ. ಗಂಡನನ್ನ ಕಳಕೊಂಡ ಅಕ್ಕ ತನ್ನ ಆಸರೆಯಲ್ಲೇ ಇದ್ದಾಳೆ, ಅವಳನ್ನ ಬಿಟ್ಟು ಬರೋದು ಹೇಗೆ ಅಂತ ಇವನು ಅವರಿಗೆ ಬರೆದಿದ್ದಾನಂತೆ. ನಿಜವಾ ಅಂತ ಕೇಳಿದ್ದಾರೆ. ನಿಜವಾ?"

ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ತಮ್ಮ ನನ್ನನ್ನು ನೋಡಲಿಲ್ಲ.

ನಾನು ಯೋಚಿಸಿದೆ. ಒಂದೂವರೆ ವರ್ಷದಿಂದ ಅವನು ನನಗೆ ಬೆಳಗಿನ ಚಹಾ ಮೇಲಕ್ಕೆ ತಂದುಕೊಡುತ್ತಿದ್ದ. ಕಿತ್ತಳೆ ಸುಲಿದು, ಬೀಜ ತೆಗೆದು ಕೊಡುತ್ತಿದ್ದ. ರೇಡಿಯೊದಲ್ಲಿ ದುಃಖದ ಹಾಡು ಬಂದರೆ ಕೆಳಗಿನಿಂದ ಓಡಿಬಂದು ಆರಿಸುತ್ತಿದ್ದ. ಪತ್ರಿಕೆಯಲ್ಲಿ ನಿಧನ ವಾರ್ತೆಗಳ ಭಾಗವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದು ಮಿಕ್ಕಿದ್ದನ್ನು ಕೊಡುತ್ತಿದ್ದ. ಅದರ ಹಿಂಬದಿಯಲ್ಲಿ ಪದಬಂಧವಿರುತ್ತಿತ್ತು. ಅದೂ ಹೋಗುತ್ತಿತ್ತು. ಸೈಕಲ್ಲನ್ನು ಅಂಚೆಯವನಿಗೆ ಕೊಟ್ಟ, ರೇಡಿಯೊವನ್ನು ಅಜ್ಜಿಗೆ ಕೊಟ್ಟ. ನನ್ನನ್ನು ಕೊಡಲು ಅವನಿಗೆ ಯಾರೂ ಸಿಕ್ಕಿರಲಿಲ್ಲ.

"ಫಾದರ್," ಎಂದೆ, "ಒಂದೂವರೆ ವರ್ಷದಿಂದ ನಾನು ಪದಬಂಧ ಬಿಡಿಸಿಲ್ಲ."

"ಏನು?"

"ಕತ್ತರಿಸಿಬಿಡ್ತಾನೆ. ಹಿಂದುಗಡೆ ಸತ್ತವರ ಫೋಟೋ ಇರತ್ತೆ ಅಂತ."

ತಮ್ಮ ತಲೆಯೆತ್ತಿದ. "ನಿನಗೆ ಪದಬಂಧ ಬೇಕಿತ್ತಾ?"

"ಬೇಕಿತ್ತು."

"ಹೇಳಬಾರದಿತ್ತೇನೇ ಅಕ್ಕ?"

"ನೀನು ಕೇಳಲಿಲ್ಲ. ನೀನು ನನ್ನ ಅಳತೆಯನ್ನೂ ನೀನೇ ಬಾಗಿ ತೆಗೆದುಕೊಂಡೆ."

ಫಾದರ್ ನಗು ತಡೆಯಲು ಕೆಮ್ಮಿದರು.

ಎದ್ದೆ. ಮೆಟ್ಟಿಲಿಳಿದು ಅವನ ಕುತ್ತಿಗೆಗೆ ನೇತುಹಾಕಿದ್ದ ಟೇಪನ್ನು ಎಳೆದುಕೊಂಡೆ. ಹಳದಿ ಟೇಪು, ಅಪ್ಪನ ಕಾಲದ್ದು, ಮೊದಲ ಇಂಚು ಸವೆದು ಸಂಖ್ಯೆ ಮಾಸಿದೆ. ಬೆರಳಿಗೆ ಅದರ ಲೋಹದ ತುದಿ ತಣ್ಣಗೆ ತಾಗಿತು.

"ಅಮ್ಮ, ಪುಸ್ತಕ ತಗೋ. ಬರಿ."

"ನಾನಾ? ಮೂವತ್ತು ವರ್ಷದಲ್ಲಿ ಒಂದು ದಿನ ಬರೆದವಳಲ್ಲ ನಾನು!"

"ಮೂವತ್ತು ವರ್ಷ ಪರದೆ ಹಿಂದೆ ಕೇಳಿಸಿಕೊಂಡಿದ್ದೀಯಲ್ಲ. ಬರಿ."

ಅಂಗಿ ತೆಗೆಸಿ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿದೆ. ಭುಜ ಹದಿನೆಂಟು. ಎದೆ ಮೂವತ್ತೆಂಟು. ಅವನು ಪ್ರತಿ ಸಲವೂ ನನ್ನ ಮುಖ ನೋಡಲು ಕುತ್ತಿಗೆ ತಿರುಗಿಸುತ್ತಿದ್ದ, ಟೇಪು ಜಾರುತ್ತಿತ್ತು.

"ನೆಟ್ಟಗೆ ನಿಂತ್ಕೋ. ಮುಂದೆ ನೋಡು."

"ಅಕ್ಕ, ನಿನಗೆ ಕೈ ನೋಯಲ್ವಾ?"

"ಮುಂದೆ ನೋಡೋ."

ಸೊಂಟ ಸುತ್ತಿದೆ. "ಇಪ್ಪತ್ತೆರಡು," ಎಂದೆ.

ಅಮ್ಮ ಪೆನ್ನು ನಿಲ್ಲಿಸಿದಳು. "ಅಯ್ಯೋ, ಇಷ್ಟು ಸೊರಗಿದ್ದಾನಾ?"

"ಅಮ್ಮ! ಹತ್ತು!"

"ಓಹೋ. ಹೌದು, ಹೌದು." ಹೊಡೆದುಹಾಕಿ ಮತ್ತೆ ಬರೆದಳು.

ಫಾದರ್ ಸ್ಟೂಲಿನ ಮೇಲೆ ಕದಲಿದರು. "ಓ, ಹಾಗಾದ್ರೆ ನನ್ನ ಮೂವತ್ತಾರು..."

ನಾನು ಟೇಪು ಬಿಚ್ಚಿಕೊಂಡೆ.

"ಗೊತ್ತಿತ್ತು ಬಿಡಿ," ಎಂದರು ಅವರು, ನಿಟ್ಟುಸಿರುಬಿಟ್ಟು. "ನಿಮ್ಮಪ್ಪ ಹೇಳಿದ್ದಲ್ಲ. ನನ್ನ ಬೆಲ್ಟು ಹೇಳಿತ್ತು."

ಅಮ್ಮ ಪೆನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದು ಎಷ್ಟು ದಿನಕ್ಕೋ. ಮೂವತ್ತಾರಕ್ಕೆ ಹತ್ತು ಸೇರಿಸುವುದಕ್ಕೆ ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಮುಂಭಾಗದ ಉದ್ದ ಅಳೆದೆ. ಅವನು ಕನ್ನಡಿ ನೋಡುತ್ತ ನೆಟ್ಟಗೆ ನಿಂತಿದ್ದ. ಬಾಗಿದವಳು ನಾನು. ಐವತ್ತೆಂಟು. ಅವನು ಹೊಲಿದುಕೊಂಡದ್ದು ಐವತ್ತೈದು.

"ಕೊನೇ ಕಾಲಮ್ಮಿಗೆ ಏನು ಬರೀಲಿ?" ಎಂದಳು ಅಮ್ಮ.

ಅವನು ಆಗಲೂ ಕುತ್ತಿಗೆ ತಿರುಗಿಸಿದ್ದ. ಓದುಗಾರನೂ ಅಲ್ಲ, ಯಜಮಾನನೂ ಅಲ್ಲ.

"ಹಿಂದೆ ನೋಡ್ತಾನೆ ಅಂತ ಬರಿ," ಎಂದೆ.

ಮೂರು ಇಂಚು ಬಟ್ಟೆ ಬೇಕು. ಅದೇ ಥಾನಿನದೇ ಆಗಬೇಕು. ನಾನು ಸರಳಿನ ತುದಿಗೆ ಹೋಗಿ, ಬ್ಯಾಂಡಿನವನ ಕೆಂಪು ಅಂಗಿ ಸರಿಸಿ, ಅದೇ ಥಾನಿನಲ್ಲಿ ಕತ್ತರಿಸಿದ್ದ ಕಪ್ಪು ಕೋಟು ಇಳಿಸಿದೆ. ಕತ್ತರಿಸುವ ಮೇಜಿನ ಮೇಲೆ ಮಗುಚಿ ಹಾಕಿದೆ.

"ಅದು ಬೇಡ ಅಕ್ಕ," ಎಂದ ತಮ್ಮ. ಮೇಜಿಗೂ ನನಗೂ ನಡುವೆ ಬಂದು ನಿಂತ. "ಬೇಡ. ಅದು ಭಾವಂದು. ಯಾರ ಅಳತೆಗೆ ಹೊಲಿದದ್ದೋ ಅವರಿಗೇ ಕೊಡಬೇಕು. ಅಪ್ಪನ ನಿಯಮ."

"ಅವರು ಬರಲ್ಲ ಕಣೋ," ಎಂದೆ.

ಇವತ್ತು ಹಾಲಿನವನು ಬರುವುದಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದೆ. ಬೇರೆ ದನಿ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಫಾದರ್ ಎದ್ದು ನಿಂತರು. ಅಮ್ಮ ಪುಸ್ತಕ ಮುಚ್ಚಿದಳು.

ತಮ್ಮ ಪಕ್ಕಕ್ಕೆ ಸರಿದ.

ಕಚ್ಚಾ ಹೊಲಿಗೆ ಬಿಚ್ಚುವುದು ಸುಲಭ. ಬಿಚ್ಚುವುದಕ್ಕೆಂದೇ ಹಾಕುವುದು. ಒಂದು ತುದಿ ಹಿಡಿದು ಎಳೆದರೆ ಬಿಳಿ ದಾರ ಸರ್ರನೆ ಬಂದುಬಿಡುತ್ತದೆ. ಎರಡು ತೋಳೂ ಐದು ನಿಮಿಷದಲ್ಲಿ ಕೈಗೆ ಬಂದವು. ಬೆನ್ನಿನ ನಡುಹೊಲಿಗೆ ಬಿಚ್ಚಿದಾಗ ಒಳಗೆ ಮಡಚಿಟ್ಟ ಬಟ್ಟೆ ಕಂಡಿತು. ಒಂದು ಕಡೆ ಎರಡಿಂಚು, ಇನ್ನೊಂದು ಕಡೆ ಎರಡಿಂಚು. ಸಾಮಾನ್ಯವಾಗಿ ಮುಕ್ಕಾಲು ಇಂಚು ಬಿಡುತ್ತಾರೆ.

"ಇದೇನೋ ಇಷ್ಟೊಂದು?"

ತಮ್ಮ ಮೂಗೊರೆಸಿಕೊಂಡ. "ಅಳತೆ ಕೊಟ್ಟ ದಿನ ಭಾವನಿಗೆ ಹೇಳಿದ್ದೆ. ಅಮ್ಮನ ಕೈ ಊಟ ಶುರುವಾಗಿದೆ, ಇನ್ನು ಹತ್ತು ವರ್ಷಕ್ಕೆ ನೀವು ಚೀಲ ಅಲ್ಲ, ಯಜಮಾನ. ಅದಕ್ಕೆ ಈಗಲೇ ಜಾಗ ಬಿಟ್ಟಿರ್ತೀನಿ ಅಂತ."

"ಅವರೇನಂದ್ರು?"

"ಇನ್ನೊಂದಿಂಚು ಬಿಡು ಅಂದ್ರು."

ನಾನು ಆ ಮಡಚಿದ ಜಾಗವನ್ನು ಬೆರಳಿನಿಂದ ಸವರಿದೆ. ಬೆಳಕು ಬೀಳದ ಭಾಗ, ಹೊರಗಿನದಕ್ಕಿಂತ ಕಪ್ಪಾಗಿತ್ತು. ಬೇಕಾದಷ್ಟಿತ್ತು. ನಮ್ಮೆಲ್ಲರ ಲೆಕ್ಕಕ್ಕಿಂತ ಒಂದಿಂಚು ಹೆಚ್ಚೇ ಇತ್ತು.

ಶುಕ್ರವಾರ ಇಡೀ ದಿನ ಹೊಲಿದೆವು. ಅವನು ಯಂತ್ರದ ಮೇಲೆ, ನಾನು ಕೈಯಲ್ಲಿ. ಮುಂಭಾಗದ ಅಂಚಿಗೆ ಕೋಟಿನ ಬಟ್ಟೆಯ ಪಟ್ಟಿ ಕೊಟ್ಟೆವು. ಎಂಟು ಜೇಬುಗಳನ್ನು ನಾನೇ ಬಿಚ್ಚಿದೆ. ಒಂದೊಂದು ಬಿಚ್ಚುವಾಗಲೂ ಅವನು ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಮುಖ ಮಾಡುತ್ತಿದ್ದ.

"ಕನ್ನಡಕದ್ದು ಇರಲಿ ಅಕ್ಕ."

"ಕನ್ನಡಕ ಬಂದಾಗ ಮೂಗಿನ ಮೇಲಿಟ್ಕೋ."

ಶನಿವಾರ ಬೆಳಗ್ಗೆ ಗುಂಡಿಯವಳು ಬಂದಳು. ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಒಂದು ಕಪ್ಪು ಗುಂಡಿ ಇಟ್ಟಳು. ತಮ್ಮ ಮೇಲಿನ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ. ಅಮ್ಮ ಗುಂಡಿಯನ್ನು ನೋಡಿದ ರೀತಿ ನೋಡಿದರೆ ಅದು ಹಲ್ಲಿಯೋ ಏನೋ ಎನ್ನಬೇಕು.

"ಎಲ್ಲಿತ್ತಮ್ಮ ಇದು?"

"ಡ್ರಾಯರ್‌ನಲ್ಲಿ."

"ಮೂರು ವಾರದಿಂದಲೂ?"

"ನಿಮ್ಮ ಮಗ ಆರು ವರ್ಷ ಡಜನ್ ಡಜನ್ನಾಗಿ ತಗೊಂಡು ಹೋದ್ರಲ್ಲಮ್ಮ, ನಾನು ಒಂದೇ ಒಂದನ್ನ ಮೂರು ವಾರ ಇಟ್ಕೊಂಡೆ. ಅಷ್ಟೂ ಬೇಡವಾ?" ಮೂಗು ಕೆಂಪಾಗಿತ್ತು, ಆದರೆ ನಗುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಂಗಡಿ ಮುಚ್ತೀರಾ ಅಕ್ಕ?"

ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಟೇಪು ಗುರುವಾರದಿಂದ ನನ್ನ ಕುತ್ತಿಗೆಯಲ್ಲೇ ಇತ್ತು.

"ಇಲ್ಲ. ಗುಂಡಿ ಪೆಟ್ಟಿಗೆಗಟ್ಟಲೆ ಬೇಕಾಗತ್ತೆ. ನನಗೆ ಮೆಟ್ಟಿಲು ಹತ್ತಿಳಿಯೋಕೇ ಇಷ್ಟ ಇಲ್ಲ, ಬೀದಿ ತುದಿವರೆಗೆ ಯಾರು ಬರ್ತಾರೆ?"

"ಪೆಟ್ಟಿಗೆ ಹೊತ್ತುಕೊಂಡು ನಾನೇ ಬರ್ತೀನಿ ಬಿಡಿ," ಎಂದಳು. "ಆ ಗುಂಡಿ ಎಲ್ಲಿಗೆ ಹಾಕ್ತೀರಿ?"

"ಎಲ್ಲಿಗೆ ಬೇಕು?"

"ಕಾಲರ್ ಹತ್ರ ಬೇಡ, ದಿನಾ ಕೈ ತಾಗತ್ತೆ. ಎಲ್ಲಕ್ಕಿಂತ ಕೆಳಗಿನದು."

ಹಾಗೇ ಹಾಕಿದೆ. ಕೆಳಗಿನ ಗುಂಡಿ, ಕೋಟಿನ ಪಟ್ಟಿಯ ಮೇಲೆ.

ಸೋಮವಾರ ಏಳು ಗಂಟೆಗೆ ಬಸ್ಸು. ತಮ್ಮ ನಿಲುವಂಗಿ ಹಾಕಿಕೊಂಡು ಅಂಗಡಿಯ ನಡುವೆ ನಿಂತ. ಮುಂದೆ, ಹಿಂದೆ, ಎಲ್ಲ ಕಡೆ ನೆಲದಿಂದ ಒಂದೇ ಎತ್ತರ. ಬಿಸಿಲಿಗೆ ಹೋದಾಗ ಮಾತ್ರ ಮುಂಭಾಗದ ಮೂರು ಇಂಚು ಉಳಿದದ್ದಕ್ಕಿಂತ ಒಂದು ಪಾಲು ಹೆಚ್ಚು ಕಪ್ಪಾಗಿ ಕಾಣುತ್ತಿತ್ತು. ಅದನ್ನು ಹೊಲಿಗೆಯವರಲ್ಲದೆ ಬೇರೆಯವರು ಗಮನಿಸುವುದಿಲ್ಲ.

"ಯಂತ್ರಕ್ಕೆ ಶುಕ್ರವಾರ ಎಣ್ಣೆ," ಎಂದ. "ಕಿಟಕಿ ಚಿಲಕ ಒಮ್ಮೆ ಎತ್ತಿ ಆಮೇಲೆ ಎಳೀಬೇಕು. ಟೇಪಿನ ಮೊದಲನೇ ಇಂಚು..."

"ತಪಾಸಣೆ," ಎಂದಳು ಅಮ್ಮ.

ಅವನು ಬಾಯಿ ಮುಚ್ಚಿದ. ಅಮ್ಮನ ಕೈಗೆ ಮುತ್ತಿಟ್ಟ. ಅಮ್ಮ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಕಾಲರ್ ಮೇಲಿನ ಒಂದು ದಾರ ಕಿತ್ತು ಬಾಯಿಗಿಟ್ಟುಕೊಂಡಳು. ನನ್ನೆದುರು ಬಂದು ನಿಂತ. ಉಳಿದಿದ್ದ ಒಂದೇ ಜೇಬಿನೊಳಗೆ ಕೈ ಹಾಕಿ ಒಂದು ಮಡಿಸಿದ ಕಾಗದ ತೆಗೆದು ಕೊಟ್ಟ. ಆ ದಿನದ ಪತ್ರಿಕೆಯ ಪದಬಂಧ. ಹಿಂಬದಿಯಲ್ಲಿ ನಿಧನ ವಾರ್ತೆಗಳು, ಎಲ್ಲರ ಫೋಟೋ ಸಮೇತ. ಅವನು ಅದನ್ನೂ ಕತ್ತರಿಯಿಂದಲೇ ನೀಟಾಗಿ ಕತ್ತರಿಸಿದ್ದ.

"ಹೋಗು," ಎಂದೆ. "ಮುಂದೆ ನೋಡ್ಕೊಂಡು ಹೋಗು."

ಹೋದ. ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಅವನು ಎದುರುಮನೆ ಅಜ್ಜಿಯ ರೇಡಿಯೊ ದಾಟಿದ, ಚರ್ಚಿನ ಐದು ಹೂಕುಂಡ ದಾಟಿದ, ಗುಂಡಿ ಅಂಗಡಿಯ ಮುಚ್ಚಿದ ಬಾಗಿಲು ದಾಟಿದ. ತಿರುವಿನಲ್ಲಿ ನಿಂತ. ಬೆನ್ನು ನಮ್ಮ ಕಡೆಗೇ ಇತ್ತು. ಅವನ ಕುತ್ತಿಗೆ ಸ್ವಲ್ಪ ಅಲುಗಿತು.

"ತಿರುಗ್ತಾನೆ ನೋಡು," ಎಂದಳು ಅಮ್ಮ ಉಸಿರು ಹಿಡಿದು.

ತಿರುಗಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ, ನಮಗೆ ಕಾಣುವ ಹಾಗೆ ಎರಡು ಸಲ ಬೀಸಿ, ತಿರುವಿನಲ್ಲಿ ಹೊರಟುಹೋದ.

ಅಮ್ಮ ಅಲ್ಲೇ ನಿಂತಿದ್ದಳು. ನಾನು ಒಳಗೆ ಬಂದು, ಕಿಟಕಿಯ ಚಿಲಕವನ್ನು ಒಮ್ಮೆ ಎತ್ತಿ ಆಮೇಲೆ ಎಳೆದೆ. ಸರಳಿನ ತುದಿಯಲ್ಲಿ ಬರಿಯ ಹ್ಯಾಂಗರ್ ಇತ್ತು. ಅದನ್ನು ಏನು ಮಾಡಬೇಕೆಂದು ಯೋಚಿಸುತ್ತಿರುವಾಗ ಹೊರಗೆ ಸೈಕಲ್ ಕಿರ್ರೆಂದಿತು. ಅಂಚೆಯವನು ಒಳಗೆ ತಲೆ ಹಾಕಿದ.

"ಮಾಸ್ಟರ್ ಹೊರಟುಹೋದ್ರಾ? ಚೈನಿಗೆ ಎಣ್ಣೆ ಹಾಕೋರು ಯಾರು ಇನ್ಮೇಲೆ?"

"ನೀವೇ," ಎಂದೆ.

ಅವನು ಬಗಲಿನಿಂದ ಖಾಕಿ ಬಟ್ಟೆಯ ಕಟ್ಟು ತೆಗೆದು ಮೇಜಿನ ಮೇಲಿಟ್ಟ. "ಒಂದು ಪ್ಯಾಂಟು ಆಗಬೇಕಿತ್ತು. ಅಳತೆ ಯಾರು ತೆಗೀತಾರೆ?"

ನಾನು ಟೇಪು ತೆಗೆದೆ. ಅಮ್ಮ ಕಣ್ಣೊರೆಸಿಕೊಂಡು ಬಂದು ಪುಸ್ತಕ ಬಿಚ್ಚಿ ಕೂತಳು.

"ನೆಟ್ಟಗೆ ನಿಂತ್ಕೊಳ್ಳಿ. ಮುಂದೆ ನೋಡಿ."

ನಿಂತ. ಸೊಂಟ ಸುತ್ತಿದೆ.

"ಇಪ್ಪತ್ತೆಂಟು," ಎಂದೆ.

ಅಂಚೆಯವನು ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಂಡ. ಅಮ್ಮ ತಲೆಯೆತ್ತದೆ ಮೂವತ್ತೆಂಟು ಎಂದು ಬರೆದಳು.